ಷಡ್ಜವೆಲ್ಲಿದೆ?

ಸಂಜೆ ಐದೂವರೆಯಾಯಿತೆಂದರೆ ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮಹಡಿಯ ಕೋಣೆಯಿಂದ ಗಿಟಾರಿನ ನಾದ ಹೊರಡುತ್ತದೆ. ಇನ್ನು ಒಂದು ಗಂಟೆಯ ಕಾಲ ಅದು ನಿಲ್ಲುವುದಿಲ್ಲವೆಂಬುದನ್ನು ಆ ಬೀದಿಯವರೆಲ್ಲರೂ ಬಲ್ಲರು. ಏಳು ಸ್ವರಗಳು ಸರಸರನೆ ಏರುತ್ತವೆ. ಅಷ್ಟೇ ವೇಗದಿಂದ ಇಳಿಯುತ್ತವೆ. ಮತ್ತೆ ಒಂದು ಸ್ಥಾನ ಮೇಲಕ್ಕೆ ಸರಿದು ಅದೇ ಆರೋಹಣ, ಅದೇ ಅವರೋಹಣ. ನುಡಿಸುವವನು ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಎರಡು ವರ್ಷಗಳಿಂದ ಒಂದು ದಿನವೂ ತಪ್ಪಿಸದೆ ಅಭ್ಯಾಸ ಮಾಡಿದ್ದಾನೆ. ಎಡಗೈಯ ನಾಲ್ಕು ಬೆರಳ ತುದಿಗಳೂ ದಡ್ಡುಗಟ್ಟಿವೆ. ಗೆಳೆಯರ ವಾದ್ಯತಂಡದಲ್ಲಿ ಅವನಿಗೆ ಲೀಡ್ ಗಿಟಾರಿನ ಸ್ಥಾನ ದೊರೆಯುವ ಸಂಭವವೂ ಇದೆ. ಒಬ್ಬನು ತಾಳಕ್ಕೊಪ್ಪುವಂತೆ ಸ್ವರಮೇಳಗಳನ್ನು ಮೀಟುತ್ತ ಹಿನ್ನೆಲೆಯನ್ನು ಹಿಡಿದಿದ್ದರೆ, ಇನ್ನೊಬ್ಬನು ಮುಂದೆ ನಿಂತು ಹಾಡಿನ ಧಾಟಿಯನ್ನೂ ತನ್ನ ಮನೋಧರ್ಮವನ್ನೂ ಒಂಟಿ ಸ್ವರಗಳಲ್ಲಿ ನುಡಿಸುತ್ತಾನೆ. ಅವನೇ ಲೀಡ್ ಗಿಟಾರಿನವನು.

ಇಂಥ ಹುಡುಗನಿಗೆ ಒಂದು ಭಾನುವಾರ ಮನೆಯಲ್ಲೇ ಪರೀಕ್ಷೆ ಒದಗಿತು. ನೆಂಟರು ಬಂದಿದ್ದರು. ಕಾಫಿಯಾದ ಮೇಲೆ ಚಿಕ್ಕಪ್ಪನವರು, “ಏನಾದರೂ ನುಡಿಸಪ್ಪ, ಕೇಳೋಣ” ಎಂದರು. ಹುಡುಗ ಗಿಟಾರನ್ನು ತೊಡೆಯ ಮೇಲಿರಿಸಿಕೊಂಡು ತನಗೆ ಚೆನ್ನಾಗಿ ಬಂದದ್ದನ್ನೇ ನುಡಿಸಿದನು. ಕೈ ಎಲ್ಲಿಯೂ ತಡವರಿಸಲಿಲ್ಲ. ಆದರೆ ಮುಗಿದ ಮೇಲೆ ಯಾರಿಗೂ ಅದು ಮುಗಿಯಿತೆಂದು ತಿಳಿಯಲಿಲ್ಲ. ಚಿಕ್ಕಪ್ಪನವರು, “ಶ್ರುತಿ ಸೇರಿಸಿಯಾಯಿತೆ? ಇನ್ನು ನುಡಿಸು” ಎಂದುಬಿಟ್ಟರು. ಎಲ್ಲರೂ ನಕ್ಕರು. ಅವನೂ ನಕ್ಕನು. ಆದರೆ ಆ ಸಂಜೆ ಮಹಡಿಯ ಕೋಣೆಯಿಂದ ಸದ್ದು ಕೇಳಿಬರಲಿಲ್ಲ. ಮರುದಿನವೂ ಇಲ್ಲ.

ಮೂರನೆಯ ದಿನ ಅಜ್ಜಿ ಮೆಲ್ಲಗೆ ಮಹಡಿಯನ್ನು ಹತ್ತಿ ಬಂದರು. ಎಳೆತನದಲ್ಲಿ ಆರು ವರ್ಷ ವೀಣೆಯನ್ನು ಕಲಿತವರು ಅವರು. ಮದುವೆಯಾದ ಮೇಲೆ ವೀಣೆ ಅಟ್ಟವನ್ನು ಸೇರಿ, ಕೊನೆಗೊಂದು ದಿನ ಯಾರದೋ ಮನೆಯನ್ನು ಸೇರಿತ್ತು. ಆ ಮಾತನ್ನು ಅವರು ಎಂದೂ ಎತ್ತಿದವರಲ್ಲ. “ಯಾಕೆ ಮಗು, ನಿಲ್ಲಿಸಿಬಿಟ್ಟೆ?” ಎಂದರು.

“ಎರಡು ವರ್ಷ ದಂಡವಾಯಿತು ಅಜ್ಜಿ. ಏಳು ಮೋಡುಗಳೂ ಕಂಠಪಾಠ. ಆದರೆ ಒಂದೂ ಹಾಡಾಗುವುದಿಲ್ಲ.”

“ನೀನು ನುಡಿಸುವುದನ್ನು ದಿನವೂ ಕೆಳಗೆ ಕೂತು ಕೇಳುತ್ತೇನಪ್ಪ. ಮೆಟ್ಟಿಲು ಹತ್ತುತ್ತೀಯೆ, ಇಳಿಯುತ್ತೀಯೆ. ಆದರೆ ಮನೆ ಯಾವುದೂಂತ ನನಗೆ ಗೊತ್ತಾಗುವುದಿಲ್ಲ. ನಿನ್ನ ಷಡ್ಜ ಎಲ್ಲಿದೆ?”

ಹುಡುಗನಲ್ಲಿ ಉತ್ತರವಿರಲಿಲ್ಲ. ಅಜ್ಜಿಯ ಈ ಒಂದು ಪ್ರಶ್ನೆಯೊಳಗೆ ಪಾಶ್ಚಾತ್ಯ ಸಂಗೀತದ ಎರಡೂವರೆ ಸಾವಿರ ವರ್ಷಗಳ ಕಥೆಯೇ ಅಡಗಿದೆ ಎಂಬುದು ಅವರಿಬ್ಬರಿಗೂ ತಿಳಿದಿರಲಿಲ್ಲ.

* * *

ಮೋಡು ಎಂದರೇನು? ಹಾರ್ಮೋನಿಯಮ್ಮಿನ ಬಿಳಿಯ ಮನೆಗಳನ್ನು ನೆನೆದರೆ ಸಾಕು. ಸಿ, ಡಿ, ಇ, ಎಫ್, ಜಿ, ಎ, ಬಿ ಎಂಬ ಏಳು ಸ್ವರಗಳು. ಸಿ ಎಂಬುದನ್ನು ಷಡ್ಜವಾಗಿಟ್ಟುಕೊಂಡು ಏರಿದರೆ ದೊರೆಯುವುದು ಅಯೋನಿಯನ್. ಅವೇ ಮನೆಗಳಲ್ಲಿ ಡಿಯನ್ನು ಷಡ್ಜವೆಂದು ಭಾವಿಸಿದರೆ ಡೋರಿಯನ್. ಇ ಆದರೆ ಫ್ರಿಜಿಯನ್. ಎಫ್ ಆದರೆ ಲಿಡಿಯನ್. ಜಿ ಆದರೆ ಮಿಕ್ಸೊಲಿಡಿಯನ್. ಎ ಆದರೆ ಏಯೋಲಿಯನ್. ಬಿ ಆದರೆ ಲೋಕ್ರಿಯನ್. ಸ್ವರಗಳು ಅವೇ; ಬದಲಾದದ್ದು ಮನೆಯ ಯಜಮಾನ ಮಾತ್ರ. ಆದರೆ ಯಜಮಾನನು ಬದಲಾದರೆ ಮನೆಯ ನಡೆನುಡಿಯೆಲ್ಲವೂ ಬದಲಾಗುವುದನ್ನು ಕಾಣದವರಾರು?

ಹೆಸರುಗಳು ಗ್ರೀಕರಿಂದ ಬಂದವು, ಹೆಚ್ಚಿನವು ಪ್ರಾಚೀನ ಜನಾಂಗಗಳವು. ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಆದರ್ಶರಾಜ್ಯದ ಯುವಕರಿಗೆ ಯಾವ ಸ್ವರಕ್ರಮ ತಕ್ಕುದೆಂಬುದನ್ನು ಚರ್ಚಿಸಿದ್ದಾನೆ. ಡೋರಿಯನ್ ಮತ್ತು ಫ್ರಿಜಿಯನ್ ಕ್ರಮಗಳು ಧೈರ್ಯಸಂಯಮಗಳನ್ನು ಬೆಳೆಸುವುವಾದ್ದರಿಂದ ಅವು ಇರಲಿ. ಗೋಳಿಡುವ ಮತ್ತು ಮೈಮರೆಸುವ ಉಳಿದವು ಬೇಡ ಎಂಬುದು ಅವನ ತೀರ್ಪು. ಆದರೆ ಅವನು ಕೇಳಿದ ಡೋರಿಯನ್ನೇ ಬೇರೆ, ಇಂದಿನ ಗಿಟಾರುವಾದಕನ ಡೋರಿಯನ್ನೇ ಬೇರೆ. ಮಧ್ಯಯುಗದಲ್ಲಿ ಕ್ರೈಸ್ತ ಮಠಗಳ ಪಂಡಿತರು ತಮ್ಮ ಪ್ರಾರ್ಥನಾಗೀತೆಗಳ ಧಾಟಿಗಳನ್ನು ಎಂಟಾಗಿ ವಿಂಗಡಿಸಿ, ಅವುಗಳಿಗೆ ಗ್ರೀಕ್ ಹೆಸರುಗಳನ್ನಿಟ್ಟರು. ಹೆಸರು ಬಂದಿತು, ಹಳೆಯ ಸ್ವರಗಳು ಬರಲಿಲ್ಲ. 1547ರಲ್ಲಿ ಸ್ವಿಟ್ಜರ್ಲೆಂಡಿನ ಗ್ಲರಿಯಾನಸ್ ಎಂಬ ವಿದ್ವಾಂಸನು ‘ಡೋಡೆಕಾಕಾರ್ಡನ್’ ಎಂಬ ಗ್ರಂಥವನ್ನು ಪ್ರಕಟಿಸಿ ಎಂಟನ್ನು ಹನ್ನೆರಡಕ್ಕೆ ಏರಿಸಿದನು. ಅಯೋನಿಯನ್, ಏಯೋಲಿಯನ್‌ಗಳು ಶಾಸ್ತ್ರದಲ್ಲಿ ಸ್ಥಾನ ಪಡೆದದ್ದು ಆಗಲೇ. ಚೋದ್ಯವೆಂದರೆ, ತಡವಾಗಿ ಬಂದ ಆ ಇಬ್ಬರೇ ಮುಂದೆ ಮೇಜರ್, ಮೈನರ್ ಎಂಬ ಹೆಸರಿನಿಂದ ಯೂರೋಪಿನ ಸಂಗೀತವನ್ನೆಲ್ಲ ಆಳಿದರು. ಉಳಿದವು ಚರ್ಚಿನ ಗೋಡೆಗಳೊಳಗೂ ಹಳ್ಳಿಯ ಹಾಡುಗಳಲ್ಲೂ ಉಳಿದುಕೊಂಡವು.

ಅವು ಮತ್ತೆ ಸಭೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಜಾಜ್ ಸಂಗೀತದಲ್ಲಿ ಸ್ವರಮೇಳಗಳು ಬಹು ಬೇಗ ಬೇಗ ಬದಲಾಗುತ್ತ, ವಾದಕನು ಅವುಗಳ ಹಿಂದೆ ಓಡುವುದೇ ಒಂದು ವ್ಯಾಯಾಮವಾಗಿಹೋಗಿತ್ತು. ಜಾರ್ಜ್ ರಸೆಲ್ ಎಂಬಾತನು 1953ರಲ್ಲಿ ಲಿಡಿಯನ್ ಕ್ರಮವನ್ನೇ ಬುನಾದಿಯಾಗಿಟ್ಟುಕೊಂಡು ಒಂದು ಹೊಸ ಶಾಸ್ತ್ರವನ್ನು ಮಂಡಿಸಿದನು. 1959ರಲ್ಲಿ ಕಹಳೆಯ ವಾದಕ ಮೈಲ್ಸ್ ಡೇವಿಸ್ ನ್ಯೂಯಾರ್ಕಿನಲ್ಲಿ ‘ಕೈಂಡ್ ಆಫ್ ಬ್ಲೂ’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದನು. ಅದರ ಮೊದಲ ಕೃತಿಯಲ್ಲಿ ಹದಿನಾರು ಆವರ್ತಗಳವರೆಗೆ ಒಂದೇ ಡೋರಿಯನ್. ಆಮೇಲೆ ಎಂಟು ಆವರ್ತ ಅರ್ಧಸ್ವರ ಮೇಲೇರಿದ ಡೋರಿಯನ್. ಮತ್ತೆ ಎಂಟು ಆವರ್ತ ಮೊದಲಿನದೇ. ಅಷ್ಟೇ ಅದರ ಕಟ್ಟಡ. ಕೊನೆಯ ಕೃತಿಯಲ್ಲಂತೂ ಐದು ಸ್ವರಕ್ರಮಗಳನ್ನು ಸಾಲಾಗಿಟ್ಟು, ಒಂದೊಂದರಲ್ಲಿಯೂ ವಾದಕನು ತನ್ನ ಮನಸ್ಸು ತಣಿಯುವವರೆಗೆ ನಿಂತು ಮುಂದೆ ಸಾಗಬಹುದೆಂಬ ಏರ್ಪಾಡು. ನಮ್ಮ ಆಲಾಪನೆಯನ್ನು ಕೇಳಿ ಬೆಳೆದವರಿಗೆ ಇದರಲ್ಲಿ ವಿಸ್ಮಯವೇನೂ ಕಾಣದು. ಆದರೆ ಅಲ್ಲಿ ಅದೊಂದು ಬಿಡುಗಡೆಯಾಗಿತ್ತು. ಗಿಟಾರಿನವರು ಮೋಡುಗಳನ್ನು ಹಗಲಿರುಳು ಸಾಧನೆ ಮಾಡತೊಡಗಿದ್ದು ಈ ಬಿಡುಗಡೆಯ ತರುವಾಯವೇ.

* * *

ಹಾಗಾದರೆ ಹುಡುಗನ ಸಾಧನೆಯಲ್ಲಿ ತಪ್ಪಿದ್ದೆಲ್ಲಿ? ಗಿಟಾರಿನ ಕಟ್ಟನ್ನು ನೋಡಿದರೆ ತಿಳಿಯುತ್ತದೆ. ಆರು ತಂತಿಗಳು, ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ, ಬಿ, ಇ ಎಂದು ಅವುಗಳ ಶ್ರುತಿ. ಒಂದೊಂದು ಮೆಟ್ಟಿಲಿಗೂ ಅರ್ಧಸ್ವರದ ಏರಿಕೆ. ಹನ್ನೆರಡನೆಯ ಮೆಟ್ಟಿಲಿಗೆ ಒಂದು ಸ್ಥಾಯಿ. ಇಂದು ಹೆಚ್ಚಾಗಿ ಕಲಿಸುವ ಕ್ರಮದಲ್ಲಿ ಒಂದೊಂದು ತಂತಿಯ ಮೇಲೂ ಮೂರು ಸ್ವರಗಳನ್ನು ಒತ್ತುತ್ತ ಆರು ತಂತಿಗಳಲ್ಲಿ ಹದಿನೆಂಟು ಸ್ವರಗಳನ್ನು ಮುಗಿಸುತ್ತಾರೆ. ದಪ್ಪ ತಂತಿಯ ಎಂಟನೆಯ ಮೆಟ್ಟಿಲಿನಲ್ಲಿ ಸಿ ದೊರೆಯುತ್ತದೆ. ಅಲ್ಲಿಂದ ಹೊರಟ ಬೆರಳಿನ ವಿನ್ಯಾಸಕ್ಕೆ ಅಯೋನಿಯನ್ ಎಂದು ಹೆಸರು. ಹತ್ತನೆಯ ಮೆಟ್ಟಿಲಿನ ಡಿಯಿಂದ ಹೊರಟದ್ದಕ್ಕೆ ಡೋರಿಯನ್. ಹನ್ನೆರಡನೆಯದರ ಇಯಿಂದ ಫ್ರಿಜಿಯನ್. ಹೀಗೆ ಏಳು ವಿನ್ಯಾಸಗಳು. ಬಲಗೈಯ ಮೀಟು ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ. ಗತಿಯನ್ನು ಎಣಿಸುವ ಯಂತ್ರವನ್ನು ನಿಮಿಷಕ್ಕೆ ಅರುವತ್ತು ಬಡಿತಕ್ಕಿಟ್ಟು ಆರಂಭಿಸಿ, ದಿನದಿನಕ್ಕೆ ಏರಿಸುತ್ತ ಹೋಗುವುದು.

ಬೆರಳಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ. ಆದರೆ ಕಿವಿಗೆ? ಡಿಯಿಂದ ಹೊರಟ ಮಾತ್ರಕ್ಕೆ ಅದು ಡೋರಿಯನ್ ಆಗುವುದಿಲ್ಲ. ಹಿನ್ನೆಲೆಯವನು ಸಿ ಸ್ವರಮೇಳವನ್ನು ಹಿಡಿದಿದ್ದರೆ, ಲೀಡ್ ಗಿಟಾರಿನವನು ಎಲ್ಲಿಂದ ಹೊರಟರೂ ಕೇಳುಗನ ಕಿವಿಗೆ ಅದು ಅಯೋನಿಯನ್ನೇ, ರಿಷಭದಿಂದ ಎತ್ತಿಕೊಂಡ ಅಯೋನಿಯನ್. ಮೋಡು ಇರುವುದು ಬೆರಳಿನ ವಿನ್ಯಾಸದಲ್ಲಲ್ಲ. ಒಂದು ನಿಂತ ಸ್ವರಕ್ಕೂ ಉಳಿದ ಆರಕ್ಕೂ ಇರುವ ಸಂಬಂಧದಲ್ಲಿ. ಹುಡುಗನು ಎರಡು ವರ್ಷ ಏಳು ಮೋಡುಗಳನ್ನು ಸಾಧಿಸಿದೆನೆಂದು ತಿಳಿದಿದ್ದನು. ವಾಸ್ತವವಾಗಿ ಅವನು ಸಾಧಿಸಿದ್ದು ಒಂದೇ ಸ್ವರಕ್ರಮವನ್ನು, ಏಳು ಬಾಗಿಲುಗಳಿಂದ.

ಕರ್ನಾಟಕ ಸಂಗೀತದಲ್ಲಿ ಇದಕ್ಕೆ ಗ್ರಹಭೇದವೆಂದು ಹೆಸರು. ಶಂಕರಾಭರಣದ ರಿಷಭವನ್ನು ಷಡ್ಜವಾಗಿ ಭಾವಿಸಿದರೆ ಖರಹರಪ್ರಿಯ, ಗಾಂಧಾರವನ್ನು ಭಾವಿಸಿದರೆ ಹನುಮತೋಡಿ, ಮಧ್ಯಮದಿಂದ ಮೇಚಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಠಭೈರವಿ. ನಿಷಾದದಿಂದ ಹೊರಟರೆ ಪಂಚಮವೇ ದೊರೆಯದು. ಆದ್ದರಿಂದ ವೆಂಕಟಮಖಿಯ ಎಪ್ಪತ್ತೆರಡು ಮೇಳಗಳಲ್ಲಿ ಅದಕ್ಕೆ ಸ್ಥಾನವಿಲ್ಲ. ಪಾಶ್ಚಾತ್ಯರಲ್ಲಿಯೂ ಲೋಕ್ರಿಯನ್ ಬಹುಮಟ್ಟಿಗೆ ಪುಸ್ತಕದಲ್ಲೇ ಉಳಿದ ಕ್ರಮ. ಎರಡು ನಾಡುಗಳ ಕಿವಿಗಳು ಒಂದನ್ನೊಂದು ಕೇಳದೆಯೇ ಒಂದೇ ತೀರ್ಮಾನಕ್ಕೆ ಬಂದವೆಂಬುದು ಸಾಮಾನ್ಯವಾದ ಸಂಗತಿಯಲ್ಲ. ಆದರೆ ನಮ್ಮಲ್ಲಿ ಷಡ್ಜವನ್ನು ಮರೆಯುವಂತೆಯೇ ಇಲ್ಲ. ತಂಬೂರಿ ಹಿಂದಿನಿಂದ ಅದನ್ನು ಸಾರುತ್ತಲೇ ಇರುತ್ತದೆ. ಗಿಟಾರು ಕಲಿಯುವವನಿಗೆ ಆ ತಂಬೂರಿಯಿಲ್ಲ.

ಇಲ್ಲವೆಂದರೂ ತಪ್ಪಾದೀತು, ಅದು ಗಿಟಾರಿನಲ್ಲೇ ಇದೆ. ಗಿಟಾರಿನ ಬಿಡಿ ತಂತಿಗಳ ಸ್ವರಗಳೆಲ್ಲವೂ ಬಿಳಿಯ ಮನೆಗಳೇ ಎಂಬುದನ್ನು ಗಮನಿಸಬೇಕು. ಡಿ ತಂತಿಯನ್ನು ಒತ್ತದೆ ಮೀಟಿ ಅದು ಮೊಳಗುತ್ತಿರುವಂತೆಯೇ ಅದರ ಪಕ್ಕದ ತಂತಿಗಳ ಮೇಲೆ ಬಿಳಿಯ ಮನೆಗಳ ಸ್ವರಗಳನ್ನು ಒಂದೊಂದಾಗಿ ನುಡಿಸಿದರೆ ಡೋರಿಯನ್ ತಾನಾಗಿಯೇ ಮೈದಾಳುತ್ತದೆ. ಅವೇ ಸ್ವರಗಳು, ಎ ತಂತಿ ಮೊಳಗಿದರೆ ಏಯೋಲಿಯನ್. ದಪ್ಪ ಇ ಮೊಳಗಿದರೆ ಫ್ರಿಜಿಯನ್. ಜಿ ಮೊಳಗಿದರೆ ಮಿಕ್ಸೊಲಿಡಿಯನ್. ಬೆರಳು ಸ್ಥಾನ ಬದಲಿಸಬೇಕಾಗಿಯೇ ಇಲ್ಲ. ಸಿ ಮತ್ತು ಎಫ್‌ಗಳಿಗೆ ಮಾತ್ರ ಬಿಡಿ ತಂತಿಯಿಲ್ಲ. ಅದಕ್ಕೆ ಶ್ರುತಿಪೆಟ್ಟಿಗೆಯನ್ನೋ ಮೊಬೈಲಿನಲ್ಲಿ ದೊರೆಯುವ ತಂಬೂರಿಯ ಧ್ವನಿಯನ್ನೋ ಆಶ್ರಯಿಸಬಹುದು.

ಎರಡನೆಯ ಅಭ್ಯಾಸ, ಷಡ್ಜವನ್ನು ಕದಲಿಸದೆ ಸ್ವರಗಳನ್ನು ಒಂದೊಂದಾಗಿ ಇಳಿಸುವುದು. ಲಿಡಿಯನ್, ಎಂದರೆ ಕಲ್ಯಾಣಿಯ ಸ್ವರಗಳಿಂದ ಹೊರಡಬೇಕು. ಪ್ರತಿಮಧ್ಯಮವನ್ನು ಅರ್ಧಸ್ವರ ಇಳಿಸಿದರೆ ಶಂಕರಾಭರಣ. ನಿಷಾದವನ್ನಿಳಿಸಿದರೆ ಹರಿಕಾಂಭೋಜಿ. ಗಾಂಧಾರವನ್ನಿಳಿಸಿದರೆ ಖರಹರಪ್ರಿಯ. ಧೈವತವನ್ನಿಳಿಸಿದರೆ ನಠಭೈರವಿ. ರಿಷಭವನ್ನಿಳಿಸಿದರೆ ತೋಡಿ. ಕೊನೆಗೆ ಪಂಚಮವನ್ನೂ ಇಳಿಸಿದರೆ ಲೋಕ್ರಿಯನ್ನಿನ ನೆಲೆಯಿಲ್ಲದ ಕತ್ತಲೆ. ಒಂದೊಂದು ಹೆಜ್ಜೆಗೂ ಒಂದೊಂದೇ ಸ್ವರ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಹೊತ್ತು ಇಳಿದಂತೆ ಭಾವವೂ ಇಳಿಯುತ್ತ ಹೋಗುತ್ತದೆ. ಈ ಇಳಿತವನ್ನು ಕಿವಿ ಒಮ್ಮೆ ಹಿಡಿಯಿತೆಂದರೆ, ಏಳು ಹೆಸರುಗಳನ್ನು ಉರುಹೊಡೆಯುವ ಅಗತ್ಯವೇ ಉಳಿಯುವುದಿಲ್ಲ.

ಮೂರನೆಯದು ಒಂದೇ ತಂತಿಯ ಅಭ್ಯಾಸ. ಆರು ತಂತಿಗಳ ಅಡ್ಡಕ್ಕೆ ಓಡುವುದನ್ನು ಬಿಟ್ಟು, ವೀಣೆಯ ವಾದಕನಂತೆ ಒಂದೇ ತಂತಿಯ ಉದ್ದಕ್ಕೆ ಸಾಗಬೇಕು. ಆಗ ಎಲ್ಲಿ ಎರಡು ಮೆಟ್ಟಿಲ ಅಂತರ, ಎಲ್ಲಿ ಒಂದು ಎಂಬುದು ಕಣ್ಣಿಗೂ ಕಿವಿಗೂ ಏಕಕಾಲದಲ್ಲಿ ತಿಳಿಯುತ್ತದೆ. ಅದಾದ ಮೇಲೆ ನಾಲ್ಕು ನಾಲ್ಕು ಸ್ವರಗಳ ಗುಂಪು. ಗಿಟಾರಿನ ಪಾಠಪುಸ್ತಕಗಳೆಲ್ಲದರಲ್ಲಿಯೂ ಕಾಣುವ ಈ ಪಾಠ ನಮ್ಮ ಏಕತಾಳದ ಅಲಂಕಾರವೇ: ಸರಿಗಮ, ರಿಗಮಪ, ಗಮಪದ. ಒಂದು ಸ್ವರವನ್ನು ಹಾರಿಸಿ ನುಡಿಸುವ ಪಾಠ ನಮ್ಮ ದಾಟುವರಸೆ. ಸರಳೆ, ಜಂಟಿಗಳನ್ನು ಕ್ರಮಪಡಿಸಿದವರು ಪುರಂದರದಾಸರೆಂಬುದು ಸಂಪ್ರದಾಯ. ಏರಿಳಿತದ ಏಕತಾನತೆಯನ್ನು ಮುರಿಯದೆ ಸ್ವರಜ್ಞಾನ ಬಾರದೆಂಬುದನ್ನು ಅವರು ಹದಿನಾರನೆಯ ಶತಮಾನದಲ್ಲೇ ಕಂಡುಕೊಂಡಿದ್ದರು.

* * *

ಇಷ್ಟಾದರೂ ಒಂದು ಸಂದೇಹ ಉಳಿಯುತ್ತದೆ. ಖರಹರಪ್ರಿಯದ ಏಳು ಸ್ವರಗಳನ್ನು ಮೆಟ್ಟಿಲಿನ ಮೇಲೆ ತಪ್ಪಿಲ್ಲದೆ ಒತ್ತಿದ ಮಾತ್ರಕ್ಕೆ ಅದು ಖರಹರಪ್ರಿಯ ರಾಗವಾದೀತೆ? ಆಗದು. ಸ್ವರಕ್ರಮವು ಅಸ್ಥಿಪಂಜರ, ರಾಗಕ್ಕೆ ಗಮಕವೇ ಉಸಿರು. ತೋಡಿಯ ಗಾಂಧಾರ ಎಲ್ಲಿಯೂ ನಿಂತು ಉಳಿಯುವುದಿಲ್ಲ. ತೂಗಾಡುವುದರಲ್ಲೇ ಅದರ ಜೀವ. ಈ ಸತ್ಯವನ್ನು ಬೆರಳುಗಳಿಂದ ಅರಿತುಕೊಂಡ ಒಬ್ಬ ಗಿಟಾರುವಾದಕನ ಕಥೆಯನ್ನು ಇಲ್ಲಿ ನೆನೆಯಬೇಕು.

ಜಾನ್ ಮೆಕ್‌ಲಾಫ್ಲಿನ್ ಇಂಗ್ಲೆಂಡಿನ ಯಾರ್ಕ್‌ಷೈರಿನವರು, ಹುಟ್ಟಿದ್ದು 1942ರಲ್ಲಿ. ತಾಯಿ ಪಿಟೀಲು ನುಡಿಸುತ್ತಿದ್ದರು. ಹನ್ನೊಂದರ ಹರೆಯದಲ್ಲಿ ಗಿಟಾರು ಕೈಗೆ ಬಂದಿತು. 1969ರ ಫೆಬ್ರವರಿಯಲ್ಲಿ ನ್ಯೂಯಾರ್ಕಿಗೆ ಬಂದ ಕೆಲವೇ ದಿನಗಳಲ್ಲಿ ಮೈಲ್ಸ್ ಡೇವಿಸ್‌ನ ಧ್ವನಿಮುದ್ರಣಕ್ಕೆ ಕರೆ ಬಂದಿತು. ಆ ದಿನ ಡೇವಿಸ್ ತಮಗೆ, ಗಿಟಾರು ನುಡಿಸಲು ಬಾರದವನಂತೆ ನುಡಿಸೆಂದು ಹೇಳಿದನೆಂಬುದನ್ನು ಮೆಕ್‌ಲಾಫ್ಲಿನ್ ಅನೇಕ ಸಲ ನೆನೆದುಕೊಂಡಿದ್ದಾರೆ. ವರ್ಷಗಟ್ಟಲೆ ಬೆರಳನ್ನು ಪಳಗಿಸಿದವನಿಗೆ ಇಂಥ ಅಪ್ಪಣೆ! ಆದರೆ ‘ಇನ್ ಎ ಸೈಲೆಂಟ್ ವೇ’ ಎಂಬ ಆ ಮುದ್ರಿಕೆಯ ಹೆಸರನ್ನೇ ಹೊತ್ತ ಕೃತಿಯ ಆರಂಭದಲ್ಲಿ ಅವರ ಗಿಟಾರು ಒಂದು ಸ್ವರವನ್ನು ಮೀಟಿ, ಅದು ಕರಗುವವರೆಗೆ ಕಾದು, ಇನ್ನೊಂದನ್ನು ಮೀಟುವುದನ್ನು ಕೇಳಿದವರಿಗೆ ಆ ಅಪ್ಪಣೆಯ ಅರ್ಥ ತಿಳಿಯದಿರದು. ಸಾಧನೆ ಬೇಡವೆಂದು ಅದರ ಅರ್ಥವಲ್ಲ; ಸಾಧನೆಯನ್ನು ಸಭೆಯ ಮುಂದೆ ಒಪ್ಪಿಸಬೇಡವೆಂದು.

1971ರಲ್ಲಿ ಅವರು ಮಹಾವಿಷ್ಣು ಆರ್ಕೆಸ್ಟ್ರಾ ಎಂಬ ತಂಡವನ್ನು ಕಟ್ಟಿದರು. ಗಿಟಾರಿನಲ್ಲಿ ಅಂಥ ವೇಗವನ್ನು ಜಗತ್ತು ಅದುವರೆಗೆ ಕೇಳಿರಲಿಲ್ಲ. ಕೀರ್ತಿ ಬಂದಿತು, ಹಣವೂ ಬಂದಿತು. ಆ ಕೀರ್ತಿಯ ದಿನಗಳಲ್ಲೇ ಅವರು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿದ್ವಾನ್ ಎಸ್. ರಾಮನಾಥನ್ ಅವರ ಬಳಿ ವೀಣೆಯ ಪಾಠಕ್ಕೆ ಕುಳಿತರು. ಲೋಕವೇ ಗಿಟಾರಿನ ಗುರುವೆಂದು ಕೊಂಡಾಡುತ್ತಿದ್ದವರು ಮೊದಲ ಪಾಠದ ಶಿಷ್ಯರಾದರು. ಆಮೇಲೆ ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಹುಸೇನರ ತಬಲಾ, ಟಿ. ಎಚ್. ವಿನಾಯಕರಾಂ ಅವರ ಘಟಗಳೊಡನೆ ‘ಶಕ್ತಿ’ ತಂಡ ರೂಪುಗೊಂಡಿತು. 1976ರಲ್ಲಿ ಅದರ ಮೊದಲ ಮುದ್ರಿಕೆ ಹೊರಬಂದಿತು. ವಿದ್ಯುತ್ತಿನ ಅಬ್ಬರವನ್ನೆಲ್ಲ ಕೆಳಗಿಟ್ಟು, ಚಕ್ಕಳಮಕ್ಕಳ ಹಾಕಿ ವೇದಿಕೆಯ ಮೇಲೆ ಕುಳಿತ ಆ ಗಿಟಾರುವಾದಕನನ್ನು ಕಂಡು ಪಾಶ್ಚಾತ್ಯ ಅಭಿಮಾನಿಗಳಲ್ಲಿ ಎಷ್ಟೋ ಮಂದಿ ಕಂಗಾಲಾದರು.

ಅವರ ಕೈಯಲ್ಲಿದ್ದ ಗಿಟಾರೂ ಮೊದಲಿನದಾಗಿರಲಿಲ್ಲ. ಮೆಟ್ಟಿಲು ಮೆಟ್ಟಿಲುಗಳ ನಡುವಣ ಮರವನ್ನು ದೋಣಿಯ ಒಡಲಿನಂತೆ ತೋಡಿಸಿದ್ದರು. ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ದಿಂಡಿನ ಮೇಲೆ ಎತ್ತರದಲ್ಲಿರುವುದರಿಂದ ಬೆರಳು ಮರವನ್ನು ಮುಟ್ಟುವುದಿಲ್ಲ. ತಂತಿಯನ್ನು ಪಕ್ಕಕ್ಕೆಳೆದು ಒಂದೇ ಮೆಟ್ಟಿಲಿನಲ್ಲಿ ಹಲವು ಸ್ವರಗಳನ್ನು ನುಡಿಸಬಹುದು. ಮರವನ್ನು ತೋಡಿದ ಗಿಟಾರಿನಲ್ಲಿಯೂ ಆ ಅನುಕೂಲ ಬಂದಿತು. ಅದರ ಜೊತೆಗೆ, ನಾದರಂಧ್ರದ ಬಳಿ ಓರೆಯಾಗಿ ಏಳು ಅನುರಣನದ ತಂತಿಗಳು. ಮೂಲಸ್ವರವನ್ನು ನೆನಪಿಸುವ ತಂಬೂರಿ ಗಿಟಾರಿನ ಹೊಟ್ಟೆಯನ್ನೇ ಸೇರಿತು. ಅಜ್ಜಿಯ ಪ್ರಶ್ನೆಗೆ ಮೆಕ್‌ಲಾಫ್ಲಿನ್ ಕಂಡುಕೊಂಡ ಉತ್ತರವೇ ಇದೆನ್ನಬಹುದು. 2023ರಲ್ಲಿ ‘ಶಕ್ತಿ’ ತಂಡ ‘ದಿಸ್ ಮೊಮೆಂಟ್’ ಎಂಬ ಮುದ್ರಿಕೆಯನ್ನು ಹೊರತಂದು, 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದಾಗ ಅವರಿಗೆ ಎಂಬತ್ತೆರಡು ವರ್ಷ. ಅದೇ ವರ್ಷದ ಡಿಸೆಂಬರಿನಲ್ಲಿ ಜಾಕಿರ್ ಹುಸೇನರು ತೀರಿಕೊಂಡರು. ಅರ್ಧ ಶತಮಾನದ ಸ್ನೇಹ ಅಲ್ಲಿಗೆ ನಿಂತಿತು.

* * *

ಇನ್ನು ಮಹಡಿಯ ಕೋಣೆಗೆ ಮರಳೋಣ. ಹುಡುಗನು ಮತ್ತೆ ಗಿಟಾರನ್ನು ಕೈಗೆತ್ತಿಕೊಳ್ಳಲು ಒಂದು ವಾರ ಹಿಡಿಯಿತು. ಈ ಸಲ ಗತಿಯ ಯಂತ್ರವನ್ನು ಅವನು ಮುಟ್ಟಲಿಲ್ಲ. ಡಿ ತಂತಿಯನ್ನು ಮೀಟಿ, ಕಣ್ಣು ಮುಚ್ಚಿ ಕೇಳಿದನು. ಅದು ಮೊಳಗುತ್ತಿರುವಾಗ ರಿಷಭವೊಂದನ್ನೇ ನುಡಿಸಿದನು. ಮತ್ತೆ ಡಿ. ಆಮೇಲೆ ಗಾಂಧಾರ. ಏಳು ಸ್ವರಗಳನ್ನು ಮುಗಿಸಲು ಹತ್ತು ನಿಮಿಷವಾಯಿತು. ಎರಡು ವರ್ಷಗಳಲ್ಲಿ ಅವನು ಅಷ್ಟು ನಿಧಾನವಾಗಿ ಎಂದೂ ನುಡಿಸಿರಲಿಲ್ಲ. ಆರಂಭದಲ್ಲಿ ಬೇಸರವಾಯಿತು, ಕೈ ತಾನಾಗಿಯೇ ಓಡಲು ಹವಣಿಸಿತು. ನಾಲ್ಕನೆಯ ದಿನದ ಹೊತ್ತಿಗೆ ಧೈವತದ ಮೇಲೆ ಬಂದು ನಿಂತಾಗ ಏನೋ ಬೆಳಕು ಬಿದ್ದಂತಾಗಿ ಅಲ್ಲಿಯೇ ಸ್ವಲ್ಪ ಹೊತ್ತು ತಂಗಿದನು. ಏಯೋಲಿಯನ್ನಿಗೂ ಡೋರಿಯನ್ನಿಗೂ ಇರುವ ಭೇದ ಆ ಒಂದು ಸ್ವರವೇ ಎಂದು ಪುಸ್ತಕದಲ್ಲಿ ಓದಿ ಅವನು ಬಲ್ಲನು, ಕೇಳಿದ್ದು ಅಂದು.

ಬಾಗಿಲ ಬಳಿ ಅಜ್ಜಿ ನಿಂತಿದ್ದರು.

“ಖರಹರಪ್ರಿಯದ ದಾರಿ ಹಿಡಿದಿದ್ದೀಯಲ್ಲೋ!” ಎಂದರು.

“ಇದಕ್ಕೆ ಡೋರಿಯನ್ ಅಂತಾರೆ ಅಜ್ಜಿ.”

“ಏನಾದರೂ ಅನ್ನಲಿ. ಮನೆ ಸಿಕ್ಕಿತಲ್ಲ, ಅಷ್ಟು ಸಾಕು. ಆದರೆ ಮಗು, ಗಾಂಧಾರವನ್ನು ಹಾಗೆ ಮೊಳೆ ಹೊಡೆದ ಹಾಗೆ ನಿಲ್ಲಿಸಬೇಡ. ರಿಷಭದ ಮೆಟ್ಟಿಲಲ್ಲೇ ಬೆರಳಿಟ್ಟು ತಂತಿಯನ್ನು ಎಳೆ. ಮೆಲ್ಲಗೆ... ಬಿಡು... ಮತ್ತೆ ಎಳೆ.”

ಹುಡುಗನು ಎಳೆದನು. ಮೊದಲ ಸಲ ಸ್ವರ ಮೇಲೆ ಹೋಯಿತು. ಎರಡನೆಯ ಸಲ ಮುಟ್ಟದೆ ಕೆಳಗೇ ಉಳಿಯಿತು. ಅಜ್ಜಿಯ ಎಡಗೈಯ ಎರಡು ಬೆರಳುಗಳು ಸೆರಗಿನ ಅಂಚನ್ನು ಹಿಡಿದು, ಅವರಿಗೆ ಅರಿವಿಲ್ಲದೆಯೇ, ಪಕ್ಕಕ್ಕೆ ಎಳೆದು ಬಿಡುತ್ತಿದ್ದುವು. ಅರುವತ್ತು ವರ್ಷಗಳ ಹಿಂದಿನ ಪಾಠವನ್ನು ಬೆರಳು ಮರೆತಿರಲಿಲ್ಲ. ಅದನ್ನು ಕಂಡ ಹುಡುಗನು ಏನೂ ಹೇಳದೆ ತನ್ನ ಕುರ್ಚಿಯನ್ನು ಅವರತ್ತ ಸರಿಸಿ, ತಾನು ನೆಲದ ಮೇಲೆ ಕುಳಿತನು.

ಈಗಲೂ ಸಂಜೆ ಐದೂವರೆಗೆ ಆ ಕೋಣೆಯಿಂದ ನಾದ ಹೊರಡುತ್ತದೆ. ಮೊದಲಿನ ಓಟವಿಲ್ಲ. ಒಂದು ಸ್ವರ, ಬಹಳ ಹೊತ್ತಿನ ಮೇಲೆ ಇನ್ನೊಂದು. ಇದನ್ನೂ ಶ್ರುತಿ ಸೇರಿಸುವುದೆಂದು ತಿಳಿದ ಬೀದಿಯವರು ಹಾಡಿಗಾಗಿ ಕಾಯುತ್ತಿದ್ದಾರೆ. ಮಹಡಿಯ ಮೇಲಿನ ಇಬ್ಬರಿಗೆ ಮಾತ್ರ ಆತುರವೇನೂ ಇಲ್ಲ.